ಜನಗಣತಿಯಲ್ಲಿ ಅಜ್ಜನ ಹೆಸರು ಸಿಗುವುದಿಲ್ಲ, ಆದರೂ ಗಣತಿ ಬೇಕು: ಉತ್ತರ ಕನ್ನಡದವರು ಮನೆತನದ ಬೇರು ಹುಡುಕುವ ಬಗೆ

ನಾನು ಈ ಹುಡುಕಾಟಕ್ಕೆ ಇಳಿದದ್ದೇ ಒಂದು ತಪ್ಪು ಲೆಕ್ಕಾಚಾರದಿಂದ. ಲಂಡನ್ನಿನಲ್ಲಿರುವ ನಮ್ಮ ನೆಂಟರ ಹುಡುಗನ ಜೊತೆ ಕೆಲಸ ಮಾಡುವವನೊಬ್ಬ ತನ್ನ ಮುತ್ತಜ್ಜನ 1921ರ ಜನಗಣತಿ ಹಾಳೆಯನ್ನು ಮೊಬೈಲಿನಲ್ಲಿ ತೋರಿಸಿದನಂತೆ. ಮನೆಯಲ್ಲಿದ್ದ ಎಲ್ಲರ ಹೆಸರು, ವಯಸ್ಸು, ಕೆಲಸ, ಎಷ್ಟು ಕೋಣೆ ಎಂಬುದು ಕೂಡ ಅದರಲ್ಲಿತ್ತು. ಅಲ್ಲಾ, ನಮ್ಮಲ್ಲೂ 1872ರಿಂದ ಗಣತಿ ಆಗಿದೆಯಲ್ಲ, ನಮ್ಮ ಮನೆಯ ಹಾಳೆಯೂ ಎಲ್ಲೋ ಇರಲೇಬೇಕು ಎಂದುಕೊಂಡೆ. ಒಂದು ಸರ್ಕಾರಿ ಕಚೇರಿಗೆ ಅರ್ಜಿ ಕೊಟ್ಟೆ. 'ನೋಡೋಣ, ಮುಂದಿನ ವಾರ ಬನ್ನಿ' ಎಂದರು. ಹೀಗೆ ಮೂರು ಸಲ ಬಸ್ಸು ಹತ್ತಿ ಹೋದೆ. ನಾಲ್ಕನೇ ಸಲ, ನಿವೃತ್ತಿಗೆ ಹತ್ತಿರವಾಗಿದ್ದ ಒಬ್ಬರು ಕನ್ನಡಕ ತೆಗೆದಿಟ್ಟು, 'ಆ ಕಾಗದ ಯಾವ ಕಪಾಟಿನಲ್ಲೂ ಇಲ್ಲ ಮಾರಾಯ್ರೇ, ನೀವು ಸುಮ್ನೆ ಓಡಾಡ್ತಾ ಇದೀರಿ. ಹಳೇ ಡೈರಿ ಕೇಳಿ, ಅದರಲ್ಲಿ ಹೆಸರಿರ್ತದೆ' ಎಂದರು. ಡೈರಿ ಅಂದರೆ ಜಮೀನಿನ ಹಕ್ಕು ಬದಲಾದದ್ದನ್ನು ಬರೆದಿಡುವ ರಜಿಸ್ಟರು.

ಅವರು ಹೇಳಿದ್ದು ಪೂರ್ತಿ ನಿಜ. ಹಾಗಂತ ಗಣತಿಯ ಪುಸ್ತಕಗಳನ್ನು ಕೈಬಿಟ್ಟರೂ ಕೆಲಸ ಆಗುವುದಿಲ್ಲ. ಗಣತಿ ಊರು ತೋರಿಸುತ್ತದೆ, ಕಾಲ ತೋರಿಸುತ್ತದೆ. ಹೆಸರು ಬೇರೆ ಕಡೆಯಿಂದ ಬರಬೇಕು. ಎರಡನ್ನೂ ಹೇಗೆ ಜೋಡಿಸುವುದು ಎಂಬುದನ್ನು ಕಾರವಾರ, ಶಿರಸಿ, ಸಿದ್ದಾಪುರ, ಅಂಕೋಲೆ, ಕುಮಟೆ, ಹೊನ್ನಾವರ ಕಡೆಯವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ.

ಹೆಸರಿನ ಹಾಳೆ ಯಾಕಿಲ್ಲ

ಬ್ರಿಟನ್ನಿನಲ್ಲಿ ನೂರು ವರ್ಷ ಕಳೆದ ಮೇಲೆ ಗಣತಿ ಹಾಳೆಗಳನ್ನು ಜನರಿಗೆ ಬಿಡುತ್ತಾರೆ. ಅಮೆರಿಕದಲ್ಲಿ 72 ವರ್ಷಕ್ಕೇ ಬಿಡುತ್ತಾರೆ. 1950ರ ಗಣತಿ 2022ರ ಏಪ್ರಿಲ್‌ನಲ್ಲಿ ಅಲ್ಲಿ ಎಲ್ಲರಿಗೂ ಸಿಕ್ಕಿತು. ನಮ್ಮಲ್ಲಿ ಹಾಗಲ್ಲ. ಲೆಕ್ಕ ಮುಗಿದ ಮೇಲೆ ಮನೆಮನೆಯ ಹಾಳೆಗಳನ್ನು ಇಟ್ಟುಕೊಳ್ಳಲಿಲ್ಲ, ನಾಶ ಮಾಡಿದರು. 1901ರಿಂದ ಒಂದು ಚೀಟಿ ಪದ್ಧತಿ ಬಂತು. ಗಣತಿದಾರ ಪುಸ್ತಕದಲ್ಲಿ ಬರೆದುಕೊಂಡದ್ದನ್ನು ಒಬ್ಬೊಬ್ಬರಿಗೆ ಒಂದೊಂದು ಚೀಟಿಯಂತೆ ಇಳಿಸಿಕೊಂಡು, ಆ ಚೀಟಿಗಳನ್ನು ಗೂಡುಗಳಲ್ಲಿ ವಿಂಗಡಿಸಿ ಎಣಿಸುತ್ತಿದ್ದರು. ಎಣಿಕೆ ಆದಮೇಲೆ ಚೀಟಿಗೆ ಬೆಲೆಯಿಲ್ಲ. ಉಳಿದದ್ದು ಅಚ್ಚಾದ ಕೋಷ್ಟಕ, ವರದಿ ಮಾತ್ರ.

ಸ್ವಾತಂತ್ರ್ಯದ ನಂತರ 1948ರ ಜನಗಣತಿ ಕಾಯ್ದೆ ಬಂತು. ಅದರ 15ನೇ ಕಲಮಿನ ಪ್ರಕಾರ ಗಣತಿಯ ಮೂಲ ದಾಖಲೆಯನ್ನು ಯಾರೂ ನೋಡುವಂತಿಲ್ಲ, ಕೋರ್ಟಿನಲ್ಲಿ ಸಾಕ್ಷಿಯಾಗಿ ಹಾಜರುಪಡಿಸುವಂತೆಯೂ ಇಲ್ಲ. ಮಾಹಿತಿ ಹಕ್ಕಿನಲ್ಲಿ ಕೇಳಿದರೂ ಇದೇ ಉತ್ತರ ಬರುತ್ತದೆ. ಅರ್ಜಿಯ ಹತ್ತು ರೂಪಾಯಿ ಉಳಿಸಿಕೊಳ್ಳಿ.

ಒಂದು ಅಪವಾದ ಇದೆ. 1951ರಲ್ಲಿ ಗಣತಿ ಚೀಟಿಗಳಿಂದ ಹೆಸರುಗಳನ್ನು ಇಳಿಸಿ ಊರೂರಿಗೆ ಒಂದು ನಾಗರಿಕರ ರಜಿಸ್ಟರ್ ಮಾಡಿದ್ದರು. ಅಸ್ಸಾಮಿನಲ್ಲಿ ಇತ್ತೀಚೆಗೆ ದೊಡ್ಡ ಗದ್ದಲಕ್ಕೆ ಕಾರಣವಾದದ್ದು ಇದೇ ರಜಿಸ್ಟರು. ನಿಮ್ಮ ತಾಲೂಕು ಕಚೇರಿಯಲ್ಲಿ ಒಮ್ಮೆ ಕೇಳಿ ನೋಡುವುದರಲ್ಲಿ ತಪ್ಪಿಲ್ಲ. ಆದರೆ ಅದನ್ನೇ ನಂಬಿ ಕೂರಬೇಡಿ.

ಮೊದಲ ಹೆಜ್ಜೆ ಮನೆಯ ಜಗಲಿಯಲ್ಲಿ

ಕಚೇರಿಗೆ ಹೋಗುವ ಮೊದಲು ಮನೆಯ ಹಿರಿಯರ ಹತ್ತಿರ ಕೂತುಕೊಳ್ಳಿ. 'ನಮ್ಮ ವಂಶವೃಕ್ಷ ಹೇಳಿ' ಎಂದು ಕೇಳಿದರೆ ಯಾರಿಗೂ ಏನೂ ನೆನಪಾಗುವುದಿಲ್ಲ. ಸಣ್ಣ ಪ್ರಶ್ನೆ ಕೇಳಬೇಕು. ಅಜ್ಜ ಯಾವ ಶಾಲೆಗೆ ಹೋಗಿದ್ದರು? ಗೇಣಿ ಯಾರಿಗೆ ಅಳೆಯುತ್ತಿದ್ದರು? ಶ್ರಾದ್ಧದಲ್ಲಿ ಯಾರ ಯಾರ ಹೆಸರು ಹೇಳುತ್ತಾರೆ? ಈ ಕೊನೆಯ ಪ್ರಶ್ನೆ ತುಂಬ ಕೆಲಸಕ್ಕೆ ಬರುತ್ತದೆ. ಶ್ರಾದ್ಧ ಮಾಡುವ ಮನೆಗಳಲ್ಲಿ ತಂದೆ, ಅಜ್ಜ, ಮುತ್ತಜ್ಜ ಮೂರು ತಲೆಮಾರಿನ ಹೆಸರು ಪುರೋಹಿತರ ಬಾಯಲ್ಲಿ ಬಂದೇ ಬರುತ್ತದೆ. ತಾಯಿ, ಅಜ್ಜಿ, ಮುತ್ತಜ್ಜಿಯ ಹೆಸರೂ ಬರುತ್ತದೆ. ಆರು ಹೆಸರು ಹಾಗೇ ಕೈಗೆ ಸಿಕ್ಕಿತಲ್ಲ.

ಹಿರಿಯರು ಇಸವಿ ಹೇಳುವುದಿಲ್ಲ, ಸಂವತ್ಸರ ಹೇಳುತ್ತಾರೆ. ಅಥವಾ 'ದೊಡ್ಡ ಜ್ವರದ ವರ್ಷ' ಎನ್ನುತ್ತಾರೆ. ಅದನ್ನು ಇಸವಿಗೆ ತಿರುಗಿಸುವುದು ಕಷ್ಟವಲ್ಲ. ಸಂವತ್ಸರದ ಚಕ್ರ ಅರವತ್ತು ವರ್ಷದ್ದು. ಪ್ರಭವ 1867ರಲ್ಲಿ ಬಂತು, 1927ರಲ್ಲಿ ಬಂತು, 1987ರಲ್ಲಿ ಬಂತು. ಅಲ್ಲಿಂದ ಎಣಿಸಿದರೆ ಆಯಿತು. ಇನ್‌ಫ್ಲುಯೆಂಜಾ ಬಂದ 1918 ಕಾಳಯುಕ್ತಿ. 'ರೌದ್ರಿಯಲ್ಲಿ ಹುಟ್ಟಿದವ' ಎಂದರೆ 1920ರ ಯುಗಾದಿಯಿಂದ 1921ರ ಯುಗಾದಿಯೊಳಗೆ. ಹಳೆಯ ಪತ್ರದಲ್ಲಿ ಶಾಲಿವಾಹನ ಶಕೆ ಇದ್ದರೆ 78 ಕೂಡಿಸಿ. ಯುಗಾದಿಗೆ ಮೊದಲಿನ ಜನವರಿ, ಫೆಬ್ರವರಿಯಾದರೆ 79. ಅರವತ್ತು ವರ್ಷ ಹಿಂದೆ ಮುಂದೆ ಆಗುವ ಅಪಾಯ ಇದ್ದೇ ಇದೆ. ಅಜ್ಜನ ಹೆಸರನ್ನೇ ಮೊಮ್ಮಗನಿಗೆ ಇಡುವ ಮನೆಗಳಲ್ಲಿ ಇದು ಇನ್ನೂ ಜಾಸ್ತಿ. ಒಂದೇ ಮನೆಯಲ್ಲಿ ಇಬ್ಬರು ಗಣಪತಿಯರು, ಇಬ್ಬರ ನಡುವೆ ಸುಮಾರು ಅರವತ್ತು ವರ್ಷ! ನಾನು ಆರು ತಿಂಗಳು ಅಜ್ಜನ ಅಜ್ಜನ ಜಮೀನನ್ನು ಅಜ್ಜನದೆಂದು ತಿಳಿದುಕೊಂಡಿದ್ದೆ.

ಊರು ಅಂದರೆ ಯಾವ ಊರು?

ಹೆಚ್ಚಿನವರು ಎಡವುವುದು ಇಲ್ಲೇ. ಘಟ್ಟದ ಮೇಲಿನ ನಮ್ಮ ಊರುಗಳಲ್ಲಿ ಮನೆಗಳು ತೋಟದ ತಲೆಗೊಂದು, ಗುಡ್ಡದ ಮಗ್ಗುಲಿಗೊಂದು. ಐದಾರು ಮನೆ ಇದ್ದಲ್ಲಿಗೆ ಒಂದು ಹೆಸರು. ಕೊನೆಯಲ್ಲಿ ಕೊಪ್ಪ, ಗದ್ದೆ, ಸರ, ಮನೆ, ಕೇರಿ ಎಂದೇನೋ ಇರುತ್ತದೆ. ಮದುವೆ ಕರೆಯೋಲೆಯಲ್ಲಿ ಬರುವುದು ಆ ಹೆಸರು. ಸರ್ಕಾರಕ್ಕೆ ಅದು ಊರೇ ಅಲ್ಲ, ಒಂದು ಮಜರೆ. ಗಣತಿ ಎಣಿಸುವುದು ಕಂದಾಯ ಗ್ರಾಮವನ್ನು. ಕರಾವಳಿಯಲ್ಲೂ ಹಾಗೇ, ಕೇರಿಗೊಂದು ಹೆಸರು, ದಾಖಲೆಯಲ್ಲಿ ಇನ್ನೊಂದು.

ಆದ್ದರಿಂದ ಮೊದಲು ಮನೆಯ ಈಗಿನ ಪಹಣಿ ತೆಗೆಯಿರಿ. ಸರ್ಕಾರದ ಭೂಮಿ ತಂತ್ರಾಂಶದಲ್ಲಿ ಸಿಗುತ್ತದೆ. ಅದರ ಮೇಲ್ಭಾಗದಲ್ಲಿ ತಾಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್ ಇರುತ್ತದೆ. ಆ ಗ್ರಾಮದ ಹೆಸರೇ ನಿಮಗೆ ಬೇಕಾದದ್ದು. ಅದನ್ನು ಹಿಡಿದುಕೊಂಡು ಜಿಲ್ಲಾ ಗಣತಿ ಕೈಪಿಡಿಯಲ್ಲಿ ಹುಡುಕಿ. 1951ರಿಂದ ಪ್ರತಿ ಜಿಲ್ಲೆಗೆ ಇಂಥ ಕೈಪಿಡಿ ಬಂದಿದೆ. ಊರೂರಿನ ಪಟ್ಟಿ, ಮನೆ ಎಷ್ಟು, ಜನ ಎಷ್ಟು, ಓದು ಬಲ್ಲವರೆಷ್ಟು ಎಲ್ಲ ಇರುತ್ತದೆ. ಸೆನ್ಸಸ್ ಇಂಡಿಯಾ ಜಾಲತಾಣದ ಡಿಜಿಟಲ್ ಲೈಬ್ರರಿಯಲ್ಲಿ ಹಳೆಯ ಸಂಪುಟಗಳು ಪುಕ್ಕಟೆ ಸಿಗುತ್ತವೆ, ಕೆಲವು ಇಂಟರ್ನೆಟ್ ಆರ್ಕೈವ್‌ನಲ್ಲೂ ಇವೆ. ಹುಡುಕುವ ಪೆಟ್ಟಿಗೆಯಲ್ಲಿ ಊರ ಹೆಸರು ಟೈಪು ಮಾಡಿ 'ಇಲ್ಲ' ಎಂದು ಬಂದರೆ ನಂಬಬೇಡಿ. ಸ್ಕ್ಯಾನ್ ಮಾಡಿದ ಅಕ್ಷರವನ್ನು ಯಂತ್ರ ತಪ್ಪು ಓದಿರುತ್ತದೆ. ತಾಲೂಕಿನ ಪುಟ ಹುಡುಕಿ ಒಂದೊಂದೇ ಸಾಲು ಕಣ್ಣಿಂದ ಓದುವುದೇ ಸರಿ.

ಇಂಗ್ಲಿಷಿನಲ್ಲಿ ಬರೆದ ಹಳೆಯ ಹೆಸರುಗಳೂ ಈಗಿನಂತಿಲ್ಲ. ಹೊನ್ನಾವರ 'ಓನೋರ್' ಆಗಿರುತ್ತದೆ, ಕುಮಟೆ 'ಕೂಂಪ್ಟಾ', ಕಾರವಾರ ಕೆ ಬದಲು ಸಿ ಅಕ್ಷರದಿಂದ ಶುರುವಾಗುತ್ತದೆ. ಸಣ್ಣ ಊರುಗಳ ಗತಿ ನೀವೇ ಊಹಿಸಿ. ಬಾಯಲ್ಲಿ ಜೋರಾಗಿ ಓದಿದರೆ ಕೆಲವು ಸಲ ಥಟ್ಟನೆ ಹೊಳೆಯುತ್ತದೆ.

ಇನ್ನು ಈಗ ಇಲ್ಲದ ಊರುಗಳು. ಸೂಪಾ ಎಂಬ ತಾಲೂಕು ಕೇಂದ್ರವೇ ಕಾಳಿ ನದಿಯ ಅಣೆಕಟ್ಟಿನ ನೀರಿನಲ್ಲಿ ಮುಳುಗಿತು, ತಾಲೂಕು ಕಚೇರಿ ಜೋಯಿಡಾಕ್ಕೆ ಬಂತು. ಕದ್ರಾ, ಕೊಡಸಳ್ಳಿ ಅಣೆಕಟ್ಟು, ಕೈಗಾ, ಕಾರವಾರ-ಅಂಕೋಲೆ ಕರಾವಳಿಯ ಸೀಬರ್ಡ್ ನೌಕಾನೆಲೆ ಎಂದು ಈ ಜಿಲ್ಲೆಯಲ್ಲಿ ಎದ್ದು ಹೋದ ಮನೆಗಳು ಕಡಿಮೆಯಲ್ಲ. ಅಂಥ ಮನೆಯವರು ನೀವಾದರೆ 1951, 1961, 1971ರ ಕೈಪಿಡಿಗಳನ್ನು ಇಳಿಸಿಕೊಂಡು ಇಟ್ಟುಕೊಳ್ಳಿ. ನಿಮ್ಮ ಊರು ಊರಾಗಿ ಇನ್ನೂ ಇರುವುದು ಆ ಪುಟಗಳಲ್ಲಿ.

ಯಾವ ಕಾಲಕ್ಕೆ ಯಾವ ಸರ್ಕಾರ

ಇದು ಒಣ ವಿಷಯ, ಆದರೆ ತಿಳಿಯದೆ ಹೋದರೆ ತಪ್ಪು ಊರಿಗೆ ಬಸ್ಸು ಹತ್ತುತ್ತೀರಿ. 1799ರಲ್ಲಿ ಟಿಪ್ಪು ಸತ್ತ ಮೇಲೆ ಕೆನರಾ, ಅಂದರೆ ಉತ್ತರ ಕನ್ನಡ, ದಕ್ಷಿಣ ಕನ್ನಡ ಸೇರಿದ ಕರಾವಳಿ ಸೀಮೆ, ಬ್ರಿಟಿಷರ ಕೈಗೆ ಬಂದು ಮದ್ರಾಸಿಗೆ ಸೇರಿತು. 1862ರಲ್ಲಿ ಉತ್ತರದ ಭಾಗವನ್ನು ಮುಂಬಯಿಗೆ ಕೊಟ್ಟರು. ಕುಂದಾಪುರ ಮದ್ರಾಸಿನ ಕಡೆ, ದಕ್ಷಿಣ ಕನ್ನಡದಲ್ಲೇ ಉಳಿಯಿತು. 1956ರ ನವೆಂಬರ್ 1ರಂದು ನಾವು ಮೈಸೂರು ರಾಜ್ಯಕ್ಕೆ ಬಂದೆವು.

ಹಾಗಾಗಿ 1872ರಿಂದ 1951ರವರೆಗಿನ ಗಣತಿ ಹುಡುಕುವವರು ಮೈಸೂರಿನ ಸಂಪುಟ ತೆಗೆದು 'ನಮ್ಮ ಜಿಲ್ಲೆಯೇ ಇಲ್ಲ' ಎಂದು ಗಾಬರಿಯಾಗಬೇಡಿ. ಮುಂಬಯಿ ಪ್ರಾಂತ್ಯದ ಸಂಪುಟದಲ್ಲಿ 'ಕೆನರಾ' ಅಥವಾ 'ನಾರ್ತ್ ಕೆನರಾ' ಎಂದು ನೋಡಿ. 1961ರಿಂದ ಮೈಸೂರು. ಕೈಬರಹದ ಹಳೆಯ ಸರ್ಕಾರಿ ಕಾಗದಗಳೂ ಹೀಗೇ ಚದುರಿವೆ. 1862ಕ್ಕೆ ಮೊದಲಿನವು ಚೆನ್ನೈ ಎಗ್ಮೋರಿನ ತಮಿಳುನಾಡು ಪತ್ರಾಗಾರದಲ್ಲಿ, ಆಮೇಲಿನವು ಮುಂಬಯಿಯ ಎಲ್ಫಿನ್‌ಸ್ಟನ್ ಕಾಲೇಜು ಕಟ್ಟಡದಲ್ಲಿರುವ ಮಹಾರಾಷ್ಟ್ರ ಪತ್ರಾಗಾರದಲ್ಲಿ, ಈಚಿನವು ಬೆಂಗಳೂರಿನ ಕರ್ನಾಟಕ ರಾಜ್ಯ ಪತ್ರಾಗಾರದಲ್ಲಿ. ಸಾಮಾನ್ಯ ಮನೆತನದ ಹುಡುಕಾಟಕ್ಕೆ ಅಲ್ಲಿವರೆಗೆ ಹೋಗುವ ಅಗತ್ಯ ಬೀಳುವುದು ಕಡಿಮೆ. ತಾಲೂಕಿನ ರೆಕಾರ್ಡ್ ರೂಮೇ ಸಾಕಷ್ಟು ದೂರ ಕರೆದೊಯ್ಯುತ್ತದೆ.

ತಾಲೂಕಿನ ಗಡಿಯನ್ನೂ ಗಮನಿಸಿ. ಈಗ ಹನ್ನೆರಡು ತಾಲೂಕು. 1901ರ ಹೊತ್ತಿಗೆ ಎಂಟೇ ಇದ್ದವು. ಭಟ್ಕಳ ಹೊನ್ನಾವರದ ಕೆಳಗೆ, ಮುಂಡಗೋಡ ಯಲ್ಲಾಪುರದ ಕೆಳಗೆ, ಹಳಿಯಾಳ ಸೂಪಾದ ಕೆಳಗೆ ಪೇಟಾಗಳಾಗಿದ್ದವು, ಅಂದರೆ ತಾಲೂಕಿನೊಳಗಿನ ಉಪವಿಭಾಗಗಳು. ಭಟ್ಕಳದವರು ತಮ್ಮ ತಾಲೂಕಿನ ಹಳೆಯ ಅಂಕಿ ಹುಡುಕುವಾಗ ಹೊನ್ನಾವರದ ಸಾಲನ್ನೂ ನೋಡಬೇಕು.

ಸಂಪುಟ ತೆರೆದ ಮೇಲೆ ಏನು ಓದಬೇಕು

ಇಡೀ ದೇಶದಲ್ಲಿ ಒಂದೇ ರಾತ್ರಿ ಎಣಿಸಿದ ಮೊದಲ ಗಣತಿ 1881ರ ಫೆಬ್ರವರಿ 17ರದ್ದು. ನಮ್ಮ ಪಂಚಾಂಗದಲ್ಲಿ ಅದು ವಿಕ್ರಮ ಸಂವತ್ಸರದ ಮಾಘ ಬಹುಳ. ಮೊದಲೇ ಮನೆಮನೆಗೆ ಹೋಗಿ ಬರೆದಿಟ್ಟುಕೊಂಡು, ಆ ರಾತ್ರಿ ಮತ್ತೆ ಹೋಗಿ ಸತ್ತವರನ್ನು ಹೊಡೆದು ಹಾಕಿ, ಹುಟ್ಟಿದವರನ್ನು, ಬಂದ ನೆಂಟರನ್ನು ಸೇರಿಸುವುದು ಕ್ರಮ. ಬೆಳದಿಂಗಳು ಇರುವ ರಾತ್ರಿಯನ್ನೇ ಆರಿಸುತ್ತಿದ್ದರು. ಯಾಣದ ಕಡೆಯ ಕಾಡುದಾರಿಯಲ್ಲಿ ರಾತ್ರಿ ಮನೆ ಹುಡುಕುವವನಿಗೆ ಅದು ಎಷ್ಟು ಮುಖ್ಯವಿತ್ತೋ!

ಆ ರಾತ್ರಿ ನಮ್ಮ ಜಿಲ್ಲೆಯಲ್ಲಿ ಸಿಕ್ಕ ಜನ 4,21,840. 1901ರಲ್ಲಿ 4,54,490. ಆಮೇಲಿನ ಇಪ್ಪತ್ತು ವರ್ಷ ಜಿಲ್ಲೆಯ ಜನಸಂಖ್ಯೆ ಏರಲಿಲ್ಲ, ಇಳಿಯಿತು. ಪ್ಲೇಗು, ಘಟ್ಟದ ಮೇಲಿನ ಮಲೇರಿಯಾ, ಕೊನೆಗೆ 1918ರ ಇನ್‌ಫ್ಲುಯೆಂಜಾ. 2011ರಲ್ಲಿ ನಾವು 14,37,169 ಇದ್ದೆವು. ಮನೆತನದ ಇತಿಹಾಸಕ್ಕೆ ಈ ಒಣ ಅಂಕಿ ಯಾಕೆ ಎಂದು ಕೇಳಬಹುದು. ನಮ್ಮ ಮನೆಯ ಕಥೆ ಹೇಳುತ್ತೇನೆ. ಮುತ್ತಜ್ಜ ಊರು ಬಿಟ್ಟು ಎರಡು ಹರದಾರಿ ಆಚೆಗೆ ಬಂದು ನೆಲೆಸಿದ್ದಕ್ಕೆ ಮನೆಯಲ್ಲಿ ಹೇಳುವ ಕಾರಣ ದಾಯಾದಿಗಳ ಜಗಳ. ತಾಲೂಕಿನ 1901, 1911, 1921ರ ಅಂಕಿಗಳನ್ನು ಸಾಲಾಗಿ ಬರೆದುಕೊಂಡ ಮೇಲೆ ಬೇರೆಯೇ ಅನುಮಾನ ಬಂತು. ಜನ ಅಷ್ಟು ಕಡಿಮೆಯಾದ ಕಾಲ ಅದು. ಪಾಳುಬಿದ್ದ ತೋಟಕ್ಕೆ ಮಾಡುವವರು ಬೇಕಾಗಿದ್ದಿರಬೇಕು. ಆಮೇಲೆ ಸಿಕ್ಕ ಗೇಣಿಪತ್ರದಲ್ಲಿ 'ಹಾಳು ಬಿದ್ದ ಭಾಗಾಯ್ತ', ಅಂದರೆ ತೋಟದ ಜಮೀನು, ಎಂದೇ ಇತ್ತು. ಜಗಳವೂ ಆಗಿರಬಹುದು, ಇಲ್ಲ ಎನ್ನುವುದಿಲ್ಲ.

ಗಣತಿಯ ಜೊತೆಗೆ 1883ರಲ್ಲಿ ಬಂದ ಮುಂಬಯಿ ಪ್ರಾಂತ್ಯದ ಗ್ಯಾಝೆಟಿಯರಿನ 15ನೇ ಸಂಪುಟವನ್ನು ಓದಲೇಬೇಕು. ಪೂರ್ತಿ ಕೆನರಾದ ಮೇಲೆಯೇ ಇರುವ ಸಂಪುಟ, ಎರಡು ಭಾಗ. ಹವ್ಯಕರು, ಹಾಲಕ್ಕಿ ಒಕ್ಕಲಿಗರು, ಖಾರ್ವಿಗಳು, ಅಂಬಿಗರು, ಗುಡಿಗಾರರು, ಸಿದ್ದಿಗಳು, ಭಟ್ಕಳದ ನವಾಯತರು, ಹೀಗೆ ಒಂದೊಂದು ಸಮುದಾಯದ ಊಟ, ಉಡುಗೆ, ಹೆಸರು, ಮದುವೆ ಎಲ್ಲ ಬರೆದಿದ್ದಾರೆ. ಬರೆದವರ ಧಾಟಿ ಕೆಲವು ಕಡೆ ಸಿಟ್ಟು ಬರಿಸುತ್ತದೆ. ಒಬ್ಬ ಸಾಹೇಬ ಒಂದು ಇಡೀ ಸಮುದಾಯಕ್ಕೆ ಎರಡು ಸಾಲಿನಲ್ಲಿ ಗುಣನಡತೆ ಪ್ರಮಾಣಪತ್ರ ಕೊಟ್ಟುಬಿಡುತ್ತಾನೆ. ಅದನ್ನು ಬಿಟ್ಟು ಉಳಿದದ್ದನ್ನು ತೆಗೆದುಕೊಳ್ಳಿ.

ಜಾತಿಯ ಹೆಸರು ಹತ್ತು ವರ್ಷಕ್ಕೊಮ್ಮೆ ಬದಲಾಗುವುದನ್ನು ನೆನಪಿಡಿ. ಆಗ ಹಳೆಪೈಕರು ಎಂದು ಬರೆದವರೇ ಕರಾವಳಿಯಲ್ಲಿ ನಾಮಧಾರಿಗಳು, ಘಟ್ಟದ ಮೇಲೆ ದೀವರು. ಕೋಮಾರಪಂತರು 'ಕೋಮಾರಪೈಕ' ಆಗಿರುತ್ತಾರೆ. ಒಂದು ಗಣತಿಯಲ್ಲಿ ಬೇರೆಯಾಗಿ ಎಣಿಸಿದವರನ್ನು ಮುಂದಿನದರಲ್ಲಿ ಇನ್ನೊಂದು ಹೆಸರಿನ ಕೆಳಗೆ ಸೇರಿಸಿರುತ್ತಾರೆ. ಎಲ್ಲ ಜಾತಿಗಳ ಪೂರ್ತಿ ಅಂಕಿ ಅಚ್ಚಾದದ್ದು 1931ರಲ್ಲಿ ಕೊನೆ.

1931ರದ್ದು ಇನ್ನೊಂದು ಕಾರಣಕ್ಕೆ ಸ್ವಾರಸ್ಯದ್ದು. ಕಾನೂನುಭಂಗದ ಕಾಲ ಅದು, ಕಾಂಗ್ರೆಸ್ಸು ಗಣತಿಯನ್ನು ಬಹಿಷ್ಕರಿಸಲು ಕರೆ ಕೊಟ್ಟಿತ್ತು. ಬಹಿಷ್ಕಾರದ ಬಿಸಿ ಜಾಸ್ತಿ ತಟ್ಟಿದ್ದು ಗುಜರಾತಿನ ಪಟ್ಟಣಗಳಿಗೆ. ನಮ್ಮಲ್ಲಿ ಅಂಕೋಲೆ, ಸಿದ್ದಾಪುರದ ಕರನಿರಾಕರಣೆಯವರು ಗಣತಿ ಕಾಗದಕ್ಕಿಂತ ಜಮೀನಿನ ಕಾಗದದಲ್ಲಿ ಸಿಗುತ್ತಾರೆ. ಜಪ್ತಿಯಾದದ್ದು, ಬೇರೆಯವರ ಹೆಸರಿಗೆ ಹೋದದ್ದು, ಆಮೇಲೆ ಮರಳಿ ಬಂದದ್ದು. ಇಂಥ ಮನೆಯವರಾದರೆ 1930ರಿಂದ 1940ರವರೆಗಿನ ಹಕ್ಕು ಬದಲಾವಣೆಯ ನೋಂದುಗಳನ್ನು ಒಂದೂ ಬಿಡದೆ ನೋಡಿ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು 1951ರ ಕೈಪಿಡಿಯ ಒಂದೇ ಒಂದು ಸಾಲು. ಆ ಸಲ ಜನರನ್ನು ಜೀವನೋಪಾಯದ ಮೇಲೆ ಎಂಟು ವರ್ಗ ಮಾಡಿದ್ದರು. ಒಂದನೆಯದು ಸ್ವಂತ ಜಮೀನು ಮಾಡುವವರು. ಎರಡನೆಯದು ಬೇರೆಯವರ ಜಮೀನು ಮಾಡುವವರು. ಮೂರು, ಕೃಷಿ ಕೂಲಿಯವರು. ನಾಲ್ಕು, ತಾವು ಮಾಡದೆ ಗೇಣಿ ಪಡೆಯುವವರು. ಉಳಿದ ನಾಲ್ಕು ಕಸುಬು, ವ್ಯಾಪಾರ, ಸಾರಿಗೆ, ಇತರೆ. ನಮ್ಮ ಊರಿನ ಸಾಲಿನ ಮೇಲೆ ಸ್ಕೇಲು ಇಟ್ಟುಕೊಂಡು ಓದಿದೆ. ಒಂದನೇ ವರ್ಗದಲ್ಲಿ ಬೆರಳೆಣಿಕೆಯ ಜನ, ಎರಡನೆಯದರಲ್ಲಿ ಹೆಚ್ಚುಕಡಿಮೆ ಇಡೀ ಊರು. ಅಂದರೆ ನಮ್ಮವರ ಹೆಸರು 1951ರ ಪಹಣಿಯ ಮಾಲಕರ ಕಾಲಮಿನಲ್ಲಿ ಇರುವ ಸಂಭವವೇ ಕಡಿಮೆ. ನಾನು ಎರಡು ವರ್ಷ ಹುಡುಕಿದ್ದು ಅದೇ ಕಾಲಮಿನಲ್ಲಿ! ಹುಡುಕಬೇಕಾದದ್ದು ಗೇಣಿದಾರರ ಕಾಲಮು.

ಈಗ ಹೆಸರುಗಳಿಗೆ

ಒಕ್ಕಲು ಮನೆತನದವರಿಗೆ ದೊಡ್ಡ ಗಣಿ ಎಂದರೆ ಭೂ ನ್ಯಾಯ ಮಂಡಳಿಯ ಕಡತ. ಗೇಣಿದಾರರಿಗೇ ಜಮೀನಿನ ಹಕ್ಕು ಕೊಡುವ ಭೂಸುಧಾರಣೆಯ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಗೇಣಿದಾರರು ಏಳು ನಂಬರ್ ಫಾರಂ ತುಂಬಿ ಅರ್ಜಿ ಕೊಟ್ಟರು. ಆ ಅರ್ಜಿಯ ಹಿಂದೆ ಏನೆಲ್ಲ ಇರುತ್ತದೆ ಎಂದರೆ, ಮೂಲಗೇಣಿಯೋ (ಕಾಯಂ ಗೇಣಿ) ಚಾಲಗೇಣಿಯೋ (ಕಾಯಂ ಅಲ್ಲದ್ದು), ಎಷ್ಟು ತಲೆಮಾರಿನಿಂದ, ಗೇಣಿ ಕೊಟ್ಟ ರಸೀದಿ, ಅಕ್ಕಪಕ್ಕದವರ ಹೇಳಿಕೆ. 'ನನ್ನ ಅಜ್ಜನ ಕಾಲದಿಂದ ನಾವೇ ಮಾಡಿಕೊಂಡು ಬಂದಿದ್ದೇವೆ' ಎಂದು ಆರಂಭವಾಗುವ ಹೇಳಿಕೆಯಲ್ಲಿ ಅಜ್ಜನ ಹೆಸರೂ ಇರುತ್ತದೆ. ಗೇಣಿ ಪಡೆಯುತ್ತಿದ್ದ ಮನೆಯವರಿಗೂ ಇದೇ ಕಡತ ಬೇಕು. ಎದುರಾಳಿಗಳ ಪಟ್ಟಿಯಲ್ಲಿ ಆ ಮನೆಯ ಪಾಲುದಾರರೆಲ್ಲ ಸಾಲಾಗಿ ಸಿಗುತ್ತಾರೆ.

ಸ್ವಂತ ಜಮೀನು ಇದ್ದವರಿಗೆ ಹಕ್ಕು ಬದಲಾವಣೆಯ ರಜಿಸ್ಟರು. ಡೈರಿ ಎನ್ನುವುದು ಇದನ್ನೇ. ಮುಂಬಯಿ ಸರ್ಕಾರ 1903ರಲ್ಲಿ ಹಕ್ಕುದಾಖಲೆಯ ಕಾಯ್ದೆ ತಂದಿತು. ಆಮೇಲೆ ಜಮೀನು ಯಾರಿಂದ ಯಾರಿಗೆ, ಯಾಕೆ ಹೋಯಿತು ಎಂದು ಬರೆದಿಡುವ ರೂಢಿ ಬಂತು. ಇವತ್ತಿನ ಪಹಣಿಯಿಂದ ಹಿಂದಕ್ಕೆ ನಡೆಯಬೇಕು. ಕಂಪ್ಯೂಟರ್ ಪಹಣಿಯಲ್ಲಿ ಹಕ್ಕು ಬದಲಾವಣೆಯ ನಂಬರು ಇರುತ್ತದೆ. ಅದು ಕೈಬರಹದ ಪಹಣಿಗೆ ಕರೆದೊಯ್ಯುತ್ತದೆ, ಅದರಲ್ಲಿರುವ ನಂಬರು ಇನ್ನೂ ಹಿಂದಕ್ಕೆ. ಪ್ರತಿ ಸಲ ಒಂದು ನಕಲು ಅರ್ಜಿ. ತಾಲೂಕು ಕಚೇರಿಗಳ ಹಳೆಯ ಕಡತಗಳನ್ನು ಸ್ಕ್ಯಾನ್ ಮಾಡುವ ಭೂ ಸುರಕ್ಷಾ ಯೋಜನೆ 2024ರಲ್ಲಿ ಶುರುವಾಗಿದೆ. ನಿಮ್ಮ ಊರಿನದು ಆಗಿದೆಯಾ ಎಂದು ಮೊದಲೇ ಕೇಳಿಕೊಂಡು ಹೋಗಿ, ಧೂಳು ಕುಡಿಯುವುದು ತಪ್ಪುತ್ತದೆ.

ನಾನು ಕೊನೆಗೂ ಕಂಡ ನೋಂದು ಒಂದು ಅಂಗೈ ಅಗಲದ್ದು. ಮಸಿ ಕಂದಾಗಿತ್ತು, ಮೂಲೆಯನ್ನು ಗೆದ್ದಲು ತಿಂದಿತ್ತು. ಖಾತೆದಾರ ಇಂಥವರು ಮಯತರಾಗಿದ್ದು, ಅವರಿಗೆ ವಾರಸರು ಹೆಂಡತಿ ಒಬ್ಬಳು, ಗಂಡು ಮಕ್ಕಳು ಮೂವರು, ಅದರಲ್ಲಿ ಕಡೆಯವ ಅಜ್ಞಾನ, ಅವನ ಪರವಾಗಿ ತಾಯಿ. ಕೆಳಗೆ ಪಟೇಲರ ರುಜು, ಪಕ್ಕದಲ್ಲಿ ಒಂದು ಎಡಗೈ ಹೆಬ್ಬೆಟ್ಟು. ಆ ಕಡೆಯವ ನನ್ನ ಅಜ್ಜ. ಹೆಬ್ಬೆಟ್ಟು ಮುತ್ತಜ್ಜಿಯದು. ಮನೆಯಲ್ಲಿ ಅವಳ ಒಂದು ಫೋಟೋ ಕೂಡ ಇಲ್ಲ.

ಇದನ್ನು ಓದಲು ಕೆಲವು ಮಾತು ಗೊತ್ತಿರಬೇಕು. ಮಯತ ಅಂದರೆ ಸತ್ತವರು. ಬಿನ್ ಅಂದರೆ ಇಂಥವರ ಮಗ, ಕೋಂ ಅಂದರೆ ಇಂಥವರ ಹೆಂಡತಿ. ಅಜ್ಞಾನ ಅಂದರೆ ತಿಳಿಗೇಡಿ ಅಲ್ಲ, ಪ್ರಾಯಕ್ಕೆ ಬಾರದ ಹುಡುಗ. ಮುಂಬಯಿ ಕಾಲದ ಪತ್ರಗಳಲ್ಲಿ 'ಅ.ಪಾ.ಕ.' ಎಂದಿದ್ದರೆ ಅಜ್ಞಾನ ಪಾಲನಕರ್ತ, ಅಂದರೆ ಆ ಹುಡುಗನ ಪರವಾಗಿ ನಿಂತವರು. ವಾಟ್ನಿ ಅಂದರೆ ಪಾಲು. ಇನ್ನು ಅಕ್ಷರ. ಶಾನಭಾಗರ ಮೋಡಿ ಬರಹದಲ್ಲಿ ಒಂದು ಪದ ಮುಗಿದು ಇನ್ನೊಂದು ಎಲ್ಲಿ ಶುರುವಾಯಿತು ಎಂದೇ ತಿಳಿಯುವುದಿಲ್ಲ. ಫೋಟೋ ತೆಗೆದುಕೊಳ್ಳಲು ಬಿಟ್ಟರೆ ತೆಗೆದುಕೊಂಡು ಬಂದು, ಹಳೆಯ ದಸ್ತಾವೇಜು ಬರಹಗಾರರೊಬ್ಬರಿಗೆ ತೋರಿಸಿ. ಊರಿಗೊಬ್ಬರು ಇನ್ನೂ ಇದ್ದಾರೆ. ಮೊದಲು ನಿಮಗೆ ಗೊತ್ತಿರುವ ಹೆಸರನ್ನು ಆ ಪುಟದಲ್ಲಿ ಹುಡುಕಿ, ಆ ಕೈ ಒಂದೊಂದು ಅಕ್ಷರವನ್ನು ಹೇಗೆ ತಿರುಗಿಸುತ್ತದೆ ಎಂದು ನೋಡಿಕೊಂಡರೆ ಉಳಿದದ್ದು ನಿಧಾನಕ್ಕೆ ಬಿಡಿಸಿಕೊಳ್ಳುತ್ತದೆ.

ಜಮೀನೇ ಇಲ್ಲದ ಮನೆಯವರು, ಮೀನುಗಾರರು, ಕೂಲಿಯವರು ಏನು ಮಾಡಬೇಕು? ಶಾಲೆಯ ದಾಖಲಾತಿ ರಜಿಸ್ಟರು ಮೊದಲು. ನೂರು ವರ್ಷ ದಾಟಿದ ಸರ್ಕಾರಿ ಶಾಲೆಗಳು ನಮ್ಮಲ್ಲಿ ಬಹಳ ಇವೆ. ಮುಖ್ಯೋಪಾಧ್ಯಾಯರು ಒಳ್ಳೆಯವರಾದರೆ ಕಬ್ಬಿಣದ ಕಪಾಟು ತೆಗೆದು ತೋರಿಸುತ್ತಾರೆ. ಹುಡುಗನ ಹೆಸರು, ತಂದೆಯ ಹೆಸರು, ಜಾತಿ, ಹುಟ್ಟಿದ ತಾರೀಕು, ಯಾವಾಗ ಬಿಟ್ಟ. ತಾರೀಕು ಜೂನ್ 1 ಎಂದಿದ್ದರೆ ನಂಬಬೇಡಿ, ಅದು ಮೇಷ್ಟ್ರು ಕೊಟ್ಟ ಹುಟ್ಟುಹಬ್ಬ. ಆಮೇಲೆ ಹಳೆಯ ಮತದಾರರ ಪಟ್ಟಿ. ಮನೆ ನಂಬರಿನ ಕ್ರಮದಲ್ಲಿ ಹೆಸರು, ತಂದೆ ಅಥವಾ ಗಂಡನ ಹೆಸರು, ವಯಸ್ಸು. ನಮಗೆ ಸಿಗದೆ ಹೋದ ಗಣತಿ ಹಾಳೆಗೆ ತೀರಾ ಹತ್ತಿರದ್ದು ಇದೇ. ಜನನ ಮರಣ ನೋಂದಣಿಯಲ್ಲಿ 1969ರ ಕಾಯ್ದೆಗೆ ಮೊದಲಿನದು ಪಟೇಲರು, ಶಾನಭಾಗರು ಬರೆದಷ್ಟೇ. ಸಿಕ್ಕರೆ ಅದೃಷ್ಟ. ಕಾರವಾರ, ಹೊನ್ನಾವರ ಕಡೆಯ ಕ್ರೈಸ್ತ ಮನೆಯವರಿಗೆ ಇಗರ್ಜಿಯ ಬ್ಯಾಪ್ಟಿಸಮ್ ಮತ್ತು ಮದುವೆ ಪುಸ್ತಕಗಳಿವೆ. ಗೋವೆಯಿಂದ ಬಂದವರು ಪಣಜಿಯ ಪತ್ರಾಗಾರದವರೆಗೂ ಹೋಗಬಹುದು. ಪೋರ್ಚುಗೀಸ್ ಓದುವವರೊಬ್ಬರು ಜೊತೆಗಿರಬೇಕು ಅಷ್ಟೇ.

ಸಮುದಾಯಗಳೇ ಮಾಡಿಸಿದ ಗಣತಿಗಳೂ ಇವೆ. ಚಿತ್ರಾಪುರ ಸಾರಸ್ವತರಿಗೆ ಮುಂಬಯಿಯ ಕೆನರಾ ಸಾರಸ್ವತ ಅಸೋಸಿಯೇಶನ್ ಇದೆ, 1911ರದ್ದು. ಅವರ 1956ರ ಸಮುದಾಯ ಗಣತಿ ಹೆಸರುಗಳ ಸಮೇತ ಅಚ್ಚಾಗಿದೆ. ಶಿರಾಲಿಯಿಂದ ಮುಂಬಯಿಗೆ ಹೋದವರು ಅಲ್ಲೂ ತಮ್ಮವರನ್ನು ತಾವೇ ಎಣಿಸಿಕೊಂಡದ್ದು ದೊಡ್ಡ ಕೆಲಸ. ನಿಮ್ಮ ಸಮಾಜದ ಸಂಘ, ಮಠ, ಕುಲದೇವರ ಗುಡಿಯಲ್ಲಿ ಇಂಥದ್ದೇನಾದರೂ ಇದೆಯೋ ವಿಚಾರಿಸಿ. ದೇವಸ್ಥಾನದ ಕಾಣಿಕೆ ಪುಸ್ತಕದಲ್ಲೂ ಮನೆತನಗಳ ಹೆಸರು ಸಿಗುತ್ತದೆ.

ಹೆಂಗಸರು ಎಲ್ಲಿ ಹೋದರು

ಹಳೆಯ ಗಣತಿಯ ಸೂಚನೆಯಲ್ಲಿ ಒಂದು ಮಾತಿತ್ತು. ಮನೆಯವರು ಹೆಂಗಸಿನ ಹೆಸರು ಹೇಳಲು ಒಪ್ಪದಿದ್ದರೆ ಆ ಕಾಲಮಿನಲ್ಲಿ 'ಹೆಣ್ಣು' ಎಂದಷ್ಟೇ ಬರೆದುಕೊಳ್ಳಬಹುದು. ಆ ಹಾಳೆಗಳು ಉಳಿದಿದ್ದರೂ ಎಷ್ಟೋ ಅಜ್ಜಿಯರು ನಮಗೆ ಸಿಗುತ್ತಿರಲಿಲ್ಲ.

ನಮ್ಮ ಕಡೆ ಇನ್ನೊಂದು ತೊಡಕು. ಮದುವೆಯಾದ ಮೇಲೆ ಹೆಣ್ಣಿನ ಹೆಸರೇ ಬದಲಾಗುತ್ತಿತ್ತು. ಡೈರಿಯಲ್ಲಿ ಸಿಕ್ಕ ಮುತ್ತಜ್ಜಿಯ ಹೆಸರು ಹಿಡಿದುಕೊಂಡು ಅವಳ ತವರಿನ ಕಡೆ ಹುಡುಕಿದೆ. ಆ ಹೆಸರಿನವರು ಅಲ್ಲಿ ಯಾರೂ ಇಲ್ಲ. ಕೊನೆಗೆ ತೊಂಬತ್ತರ ಹತ್ತಿರದ ಅತ್ತೆಗೆ ಕೇಳಿದೆ. ಅಡಿಕೆ ಸುಲಿಯುವುದನ್ನು ನಿಲ್ಲಿಸದೆ, 'ತಮಾ, ಅದು ಮದ್ವೆ ಆದಮೇಲೆ ಇಟ್ಟ ಹೆಸರು. ತವರಲ್ಲಿ ಬೇರೆ ಇತ್ತು' ಎಂದರು. ಬೇರೆ ಎಂದರೆ ಏನು? ಅದು ಅವರಿಗೂ ಗೊತ್ತಿಲ್ಲ.

ತವರಿನ ದಾರಿ ಹಿಡಿಯಲು ಎರಡು ಉಪಾಯ. ಒಂದು, ಮೊದಲೇ ಹೇಳಿದ ಶ್ರಾದ್ಧದ ಹೆಸರುಗಳು. ಅದರಲ್ಲಿ ತಾಯಿಯ ತಂದೆಯ ಕಡೆಯವರೂ ಬರುತ್ತಾರೆ. ಇನ್ನೊಂದು, ಕೋರ್ಟು ಕಾಗದ ಮತ್ತು ಸಬ್ ರಿಜಿಸ್ಟ್ರಾರ್ ಕಚೇರಿಯ ಹಳೆಯ ಪತ್ರಗಳು. ದಾನಪತ್ರ, ಹಕ್ಕುಬಿಡುವ ಪತ್ರ, ವಾಟ್ನಿ ಪತ್ರ. ಅಣ್ಣತಮ್ಮಂದಿರು ಪಾಲಾಗುವಾಗ ತಂಗಿಯ ರುಜು ತೆಗೆದುಕೊಂಡಿದ್ದರೆ ಎರಡೂ ಊರಿನ ಹೆಸರು ಒಂದೇ ಕಾಗದದಲ್ಲಿ ಸಿಕ್ಕಿತು ಎಂದು ತಿಳಿಯಿರಿ.

ಬರೆದಿಡುವ ಕ್ರಮ

ಸಿಕ್ಕಿದ್ದನ್ನೆಲ್ಲ ವಂಶವೃಕ್ಷದ ಆಪ್‌ಗೆ ತುಂಬುವ ಮೊದಲು ಒಂದು ನೂರು ಪುಟದ ನೋಟ್‌ಬುಕ್ ಇಡಿ. ಪ್ರತಿ ಹೆಸರಿನ ಮುಂದೆ ಮೂರು ವಿಷಯ: ಎಲ್ಲಿ ಸಿಕ್ಕಿತು, ಯಾವ ಪುಟ ಅಥವಾ ನೋಂದು ನಂಬರು, ಕಣ್ಣಿಂದ ಕಂಡದ್ದೋ ಬಾಯಿಮಾತೋ. ವಯಸ್ಸನ್ನು ಯಾವತ್ತೂ 'ಸುಮಾರು' ಎಂದೇ ಬರೆಯಿರಿ. ನಲವತ್ತು, ಐವತ್ತು, ನಲವತ್ತೈದು ಎಂದು ಸೊನ್ನೆ ಮತ್ತು ಐದರಲ್ಲಿ ಮುಗಿಯುವ ವಯಸ್ಸು ಹೇಳುವುದು ನಮ್ಮವರ ಹಳೆಯ ಚಾಳಿ, ಗಣತಿ ವರದಿಗಳೇ ಇದರ ಬಗ್ಗೆ ಪುಟಗಟ್ಟಲೆ ಗೊಣಗಿವೆ. ಮುಂಬಯಿ ಪದ್ಧತಿಯಂತೆ ತನ್ನ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂದು ಬರೆಯುವ ರೂಢಿ ನಮ್ಮಲ್ಲಿ ಇರುವುದರಿಂದ ಒಂದು ಪೂರ್ಣ ಹೆಸರು ಸಿಕ್ಕರೆ ಎರಡು ತಲೆಮಾರು ಸಿಕ್ಕಂತೆ. ಎರಡು ಬೇರೆ ಬೇರೆ ಕಾಗದ ಒಂದೇ ಮಾತು ಹೇಳುವವರೆಗೆ ಪೆನ್ಸಿಲಿನಲ್ಲೇ ಇರಲಿ.

ಮುಂದಿನ ಗಣತಿಯಲ್ಲಿ ಜನರ ಎಣಿಕೆಗೆ ಲೆಕ್ಕ ಹಿಡಿಯುವುದು 2027ರ ಮಾರ್ಚ್ 1. ಈ ಸಲ ಜಾತಿಯನ್ನೂ ಬರೆದುಕೊಳ್ಳುತ್ತಾರೆ. ಆ ಹಾಳೆ ನಿಮ್ಮ ಮೊಮ್ಮಕ್ಕಳಿಗೂ ಸಿಗುವುದಿಲ್ಲ. ಹಾಗಾಗಿ ಗಣತಿಯವರು ಬಂದು ಹೋದ ದಿನವೇ ಒಂದು ಕಾಗದ ತೆಗೆದುಕೊಂಡು ಮನೆಯಲ್ಲಿದ್ದವರನ್ನೆಲ್ಲ ನೀವೇ ಬರೆಯಿರಿ. ಹೆಸರು, ಹುಟ್ಟಿದ ಊರು, ತಾರೀಕು, ಕೆಲಸ, ಮನೆಮಾತು. ಹೆಂಗಸರ ಸಾಲಿನಲ್ಲಿ ಇನ್ನೆರಡು ಕಾಲಮು ಜಾಸ್ತಿ ಎಳೆಯಿರಿ, ತವರಿನ ಹೆಸರು ಮತ್ತು ತವರೂರು. ನಮ್ಮ ಅತ್ತೆಯ ಸಾಲನ್ನು ನಾನು ಈಗಲೇ ತುಂಬಿಸಿಕೊಂಡಿದ್ದೇನೆ.